ಮೂಗು ಓಡುವ ಭಾಷೆ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯೊಂದರಲ್ಲಿ ಅಟ್ಟದಿಂದ ಗೈಡುಗಳನ್ನು ಇಳಿಸಲು ಹುಡುಗನೊಬ್ಬ ದಪ್ಪ ಪುಸ್ತಕವೊಂದರ ಮೇಲೆ ಹತ್ತಿ ನಿಂತಿದ್ದ. ಅವನು ಇಳಿದ ಮೇಲೆ ಪುಸ್ತಕದ ಬೆನ್ನು ತಿರುವಿ ನೋಡಿದರೆ, ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1971ರ ಕಿರು ಆವೃತ್ತಿ! 13 ಸಂಪುಟಗಳ ಫೋಟೊ ತೆಗೆದು, ಕುಗ್ಗಿಸಿ, ಪುಟವೊಂದರಲ್ಲಿ ಮೂಲದ 4 ಪುಟಗಳನ್ನು ತುರುಕಿ, ಎರಡೇ ಸಂಪುಟಕ್ಕೆ ಇಳಿಸಿದ್ದ ಪ್ರಸಿದ್ಧ ಆವೃತ್ತಿ ಅದು. ಅದರ ಪೆಟ್ಟಿಗೆಯ ನೆತ್ತಿಯ ಮೇಲೊಂದು ಪುಟ್ಟ ಡ್ರಾಯರ್, ಅದರೊಳಗೆ ಭೂತಗನ್ನಡಿ ಇರುತ್ತಿತ್ತು. ಇಲ್ಲಿ ಪೆಟ್ಟಿಗೆಯೂ ಇಲ್ಲ, ಭೂತಗನ್ನಡಿಯೂ ಇಲ್ಲ, ಮೊದಲ ಸಂಪುಟವೂ ಇಲ್ಲ.

“ಇದರ ಜೋಡಿ ಇಲ್ಲ ಮೇಡಂ, ಓದಕ್ಕೂ ಆಗಲ್ಲ. ನೀವೇ ಒಂದು ರೇಟ್ ಹೇಳಿ” ಅಂದರು ಮಾಲೀಕರು. ಹೇಳಿದೆ. ಅವರು ನಕ್ಕರು. ಇನ್ನಷ್ಟು ಸೇರಿಸಿದೆ.

ನನಗಂತೂ ಸಿಗಬೇಕಾದ ಸಂಪುಟವೇ ಸಿಕ್ಕಿತ್ತು. ಪಿ ಅಕ್ಷರದಿಂದ ಜೆಡ್‌ವರೆಗೆ ಅಂದರೆ ಪುಟ್, ರನ್, ಸೆಟ್, ಸ್ಟ್ಯಾಂಡ್, ಟೇಕ್, ಟರ್ನ್ ಎಲ್ಲವೂ ಇದರಲ್ಲೇ ಬಂದವು. ಇಂಗ್ಲಿಷ್ ಕಲಿಯುವವರನ್ನು ನಿಜವಾಗಿ ಗೋಳಾಡಿಸುವುದು ಈ ಮೂರರಿಂದ ಐದು ಅಕ್ಷರದ ಕ್ರಿಯಾಪದಗಳೇ. ಉದ್ದುದ್ದದ ಪದಗಳು ಪಾಪದವು, ಒಂದೇ ಅರ್ಥ ಹೊತ್ತುಕೊಂಡು ತೆಪ್ಪಗಿರುತ್ತವೆ.

ಮನೆ ಮುಟ್ಟುವವರೆಗೆ ತಾಳ್ಮೆ ಇರಲಿಲ್ಲ. ಪಕ್ಕದ ಓಣಿಯಲ್ಲಿ ವಾಚ್ ರಿಪೇರಿಯವರೊಬ್ಬರು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಕೂತಿದ್ದರು. ಇನ್ನೊಂದು ಲೆನ್ಸ್ ಇದೆಯಾ, ಸ್ವಲ್ಪ ಹೊತ್ತು ಕೊಡ್ತೀರಾ ಅಂದೆ. ನನ್ನನ್ನೂ ಪುಸ್ತಕವನ್ನೂ ಒಮ್ಮೆ ನೋಡಿ, ಲೆನ್ಸಿನ ಜೊತೆಗೆ ಸ್ಟೂಲನ್ನೂ ಕೊಟ್ಟರು.

‘ರನ್’ ತೆಗೆದೆ. ಕಾಲಂ ಮುಗಿದರೆ ಇನ್ನೊಂದು ಕಾಲಂ, ಪುಟ ಮುಗಿದರೆ ಇನ್ನೊಂದು ಪುಟ. ಆಕ್ಸ್‌ಫರ್ಡಿನವರು ಕಾಲಿನ ಓಟವನ್ನು ವಿವರಿಸುವುದೇ ಒಂದು ಸೊಗಸು: ಹೆಜ್ಜೆಗಳು ಚುರುಕಾಗಿರಬೇಕು, ಎರಡೂ ಪಾದ ಏಕಕಾಲಕ್ಕೆ ನೆಲದ ಮೇಲೆ ಇರಕೂಡದು. (ನಡಿಗೆ ಸ್ಪರ್ಧೆಯ ತೀರ್ಪುಗಾರರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎರಡೂ ಪಾದ ಏಕಕಾಲಕ್ಕೆ ನೆಲ ಬಿಡುವುದನ್ನು.) ಕಾಲು ಇರುವವರ ಸಂಗತಿ ಮುಗಿದ ಮೇಲೆ ಕಾಲಿಲ್ಲದವುಗಳ ಮೆರವಣಿಗೆ. ನದಿ ರನ್ ಆಗುತ್ತದೆ, ನಲ್ಲಿ ರನ್ ಆಗುತ್ತದೆ, ಒಗೆದ ಸೀರೆಯ ಬಣ್ಣ ರನ್ ಆಗುತ್ತದೆ, ರಸ್ತೆ ಊರಿನಿಂದ ಊರಿಗೆ ರನ್ ಆಗುತ್ತದೆ, ಅಪ್ಪನ ಸಿಡುಕು ಮಗನಲ್ಲೂ ಇದ್ದರೆ ಅದು ಮನೆತನದಲ್ಲೇ ರನ್ ಆಗುತ್ತದೆ. ಸಕ್ಕರೆ ಖಾಲಿಯಾದರೆ ಮನೆಯವರು ಸಕ್ಕರೆಯಿಂದ ರನ್ ಔಟ್. ಹಳೇ ಗೆಳತಿ ದಾರಿಯಲ್ಲಿ ಅಚಾನಕ್ಕಾಗಿ ಸಿಕ್ಕರೆ ಅವಳೊಳಕ್ಕೇ ರನ್.

ಅಷ್ಟರಲ್ಲಿ ಹಿರಿಯರೊಬ್ಬರು ಬಂದು ಕೀ ಕೊಡುವ ಹಳೇ ವಾಚೊಂದನ್ನು ಗಾಜಿನ ಮೇಲಿಟ್ಟರು. “ಓಡ್ತಾನೇ ಇಲ್ಲ ನೋಡಪ್ಪ.” ರಿಪೇರಿಯವರು ಕಿವಿಗೆ ಹಿಡಿದು, “ಓಡುತ್ತೆ ಯಜಮಾನ್ರೇ, ನಿಧಾನಕ್ಕೆ ಓಡುತ್ತೆ. ಸರ್ವೀಸ್ ಆಗ್ಬೇಕು” ಅಂದರು. ನಾನು ಆಗ ನೋಡುತ್ತಿದ್ದದ್ದು ಯಂತ್ರಗಳು ಓಡುವ ಅರ್ಥಗಳನ್ನೇ. ವಾಚಿನ ಮಟ್ಟಿಗೆ ಲಂಡನ್ನಿಗೂ ನಮ್ಮ ಪೇಟೆಗೂ ವ್ಯತ್ಯಾಸವೇ ಇಲ್ಲ. ಬಸ್ಸು, ಸಿನಿಮಾ, ತಲೆ ಇವೂ ನಮ್ಮಲ್ಲಿ ಓಡುತ್ತವೆ, ಕೆಲವರದ್ದು ಓಡುವುದಿಲ್ಲ.

ಆದರೆ ಮೂಗು? ಇಂಗ್ಲಿಷರ ಮೂಗು ಓಡುತ್ತದೆ, ನಮ್ಮದು ಸೋರುತ್ತದೆ. ಶಾಲೆಯಲ್ಲಿ ಈ ವಾಕ್ಯ ಬಂದಾಗ ಇಡೀ ತರಗತಿ ನಕ್ಕಿದ್ದು, ಮೇಷ್ಟ್ರು “ಅದು ಅವರ ಅಲಂಕಾರ ಕಣ್ರೋ” ಎಂದು ಮುಂದಕ್ಕೆ ಹೋದದ್ದು ಇನ್ನೂ ನೆನಪಿದೆ. ಅಲಂಕಾರ ಅಲ್ಲವೇ ಅಲ್ಲ. ಈ ಕ್ರಿಯಾಪದದ ಹಳೆಯ ರೂಪ ‘ರಿನ್ನನ್’. ಅದಕ್ಕೆ ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೇ ಓಡುವುದು, ಹರಿಯುವುದು ಎರಡೂ ಅರ್ಥಗಳಿದ್ದವು. ಸೋದರ ಭಾಷೆ ಜರ್ಮನ್ ಪಾಲು ಮಾಡಿಕೊಂಡಿತು: ಕಾಲಿನ ಓಟಕ್ಕೆ ‘ರೆನ್ನೆನ್’, ನೀರು ತೊಟ್ಟಿಕ್ಕುವುದಕ್ಕೆ, ಹರಿಯುವುದಕ್ಕೆ ‘ರಿನ್ನೆನ್’. ಇಂಗ್ಲಿಷ್ ಪಾಲಾಗದೆ ಒಂದೇ ಒಲೆಯಲ್ಲಿ ಉಳಿಯಿತು. ಹಾಗಾಗಿ ಮೂಗು ಕಾಲಿನಿಂದ ಏನನ್ನೂ ಸಾಲ ತಂದಿಲ್ಲ. ನದಿಯೂ ನಲ್ಲಿಯೂ ಮೂಗೂ ಹರಿಯುವ ಹಕ್ಕಿನಿಂದಲೇ ರನ್ ಆಗುತ್ತಿವೆ.

ಇನ್ನೂ ಮಜಾ ಇರುವುದು ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ. ‘ಲಾರಿ ಹರಿದು ಬೈಕ್ ಸವಾರ ಸಾವು.’ ಇಂಗ್ಲಿಷ್ ಪತ್ರಿಕೆಯಲ್ಲಿ ಇದೇ ಲಾರಿ ‘ರನ್ ಓವರ್’ ಮಾಡಿರುತ್ತದೆ. ಲಾರಿ ಹರಿಯುವುದನ್ನು ನೋಡಿ ನಮಗೆ ಎಂದೂ ನಗು ಬಂದಿಲ್ಲ, ಹಾವು ಹರಿದರೂ ಬೆಳಕು ಹರಿದರೂ ಬಂದಿಲ್ಲ. ಅವರ ಮೂಗಿಗೆ ಮಾತ್ರ ನಗುತ್ತೇವೆ.

ನನ್ನ ಹಳೇ ಕತ್ತರಿಕೆಗಳ ಫೈಲಿನಲ್ಲಿ ಈ ನಿಘಂಟಿನ ಸಂಸಾರದ ಕಥೆಯೂ ಇದೆ. ಜೇಮ್ಸ್ ಮರ್ರೆ 1879ರಲ್ಲಿ ಸಂಪಾದಕತ್ವ ಒಪ್ಪಿಕೊಂಡರು, 1884ರಲ್ಲಿ ಮೊದಲ ಕಂತು ಬಂತು, 1928ರಲ್ಲಿ ಕೆಲಸ ಮುಗಿಯಿತು. ಮರ್ರೆ 1915ರಲ್ಲೇ ತೀರಿಹೋಗಿದ್ದರು. ನನ್ನ ಸಂಪುಟದ ಪುಟ್ಟ ಪದಗಳು ಮೂವರ ತಲೆಗೆ ಹಂಚಿಹೋಗಿದ್ದವು: ‘ಪುಟ್’, ‘ಟೇಕ್’ ಮರ್ರೆಯವರಿಗೆ, ‘ರನ್’ ವಿಲಿಯಂ ಕ್ರೇಗಿಗೆ, ‘ಸೆಟ್’ ಹೆನ್ರಿ ಬ್ರಾಡ್ಲಿಗೆ. ಪುಸ್ತಕ ಓದಿ ಉದಾಹರಣೆ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಕಳಿಸಿ ಎಂದು ಸಾರ್ವಜನಿಕರನ್ನು ಕೇಳಿದ್ದರಷ್ಟೇ? ಚೀಟಿಗಳು ಮೂಟೆಗಟ್ಟಲೆ ಬಂದವು. ಆದರೆ ಜನ ಅಪರೂಪದ ಪದ ಕಂಡರೆ ಹಿಗ್ಗಿ ಬರೆದರು, ದಿನಬಳಕೆಯದನ್ನು ಹಾರಿಸಿಬಿಟ್ಟರು. ‘ಅಬ್ಯೂಷನ್’ ಎಂಬ, ಈಗ ಯಾರಿಗೂ ಬೇಡದ ಪದಕ್ಕೆ ಸುಮಾರು 50 ಚೀಟಿ ಬಂದಿದ್ದರೆ ‘ಅಬ್ಯೂಸ್’ ಎಂಬ ನಿತ್ಯದ ಪದಕ್ಕೆ 5 ಕೂಡ ಇರಲಿಲ್ಲವೆಂದು ಮರ್ರೆ ಗೊಣಗಿದ್ದರು. ಮಾಮೂಲಿ ಪದಗಳಿಗೆ ಅವರ ಕಡೆಯವರೇ ಪುಸ್ತಕ ಜಾಲಾಡಬೇಕಾಯಿತು.

ಬಹುಕಾಲ ಅತಿ ದೊಡ್ಡ ನಮೂದು ಎಂಬ ಪಟ್ಟ ‘ಸೆಟ್’ನದಾಗಿತ್ತು. 1989ರ ಎರಡನೇ ಆವೃತ್ತಿಯಲ್ಲಿ ಅದಕ್ಕೆ ಸುಮಾರು 430 ಅರ್ಥಗಳು. ಆಮೇಲೆ ಮೂರನೇ ಆವೃತ್ತಿಗಾಗಿ ಪೀಟರ್ ಗಿಲ್ಲಿವರ್ ಎಂಬ ನಿಘಂಟುಕಾರರು ಒಂಬತ್ತು ತಿಂಗಳು ‘ರನ್’ ಹಿಡಿದು ಕೂತರು. 2011ರಲ್ಲಿ ಲೆಕ್ಕ ಹೊರಬಿತ್ತು: ಕ್ರಿಯಾಪದದ ಅರ್ಥಗಳೇ 645. ಪತ್ರಿಕೆಗಳಿಗೆ ಹಬ್ಬ. ಈ 645ರ ಬಗ್ಗೆ ನನಗೆ ಅಷ್ಟೇನೂ ಭಕ್ತಿ ಇಲ್ಲ. ಬಸ್ ಓಡುವುದು, ರೈಲು ಓಡುವುದು ಒಂದೇ ಅರ್ಥವೋ ಎರಡೋ ಎಂಬುದು ಭಾಷೆಯ ನಿರ್ಣಯವಲ್ಲ, ಸಂಪಾದಕರದು. ಎರಡು ಎಕರೆಯನ್ನು ಸೈಟುಗಳಾಗಿ ಕೊರೆದಂತೆ: ಸೈಟು ಚಿಕ್ಕದಾದಷ್ಟೂ ಸಂಖ್ಯೆ ಏರುತ್ತದೆ, ನೆಲ ಅಷ್ಟೇ ಇರುತ್ತದೆ.

ಆದರೆ ನೆಲ ಹಿಗ್ಗಿದ್ದೂ ಸುಳ್ಳಲ್ಲ. ಯಂತ್ರಗಳು ಬಂದ ಮೇಲೆ ಎಂಜಿನ್ನು, ಕಾರ್ಖಾನೆ, ರೈಲು, ಕೊನೆಗೆ ಕಂಪ್ಯೂಟರಿನ ಪ್ರೋಗ್ರಾಂ, ಎಲ್ಲವೂ ‘ರನ್’ನ ಬಾಗಿಲಿಗೇ ಬಂದವು. ‘ಸೆಟ್’ ಮಾಡಿಟ್ಟದ್ದು ಇಟ್ಟಲ್ಲೇ ಇರುವಂಥದ್ದು, ಈ ಕಾಲಕ್ಕೆ ಅದರ ಜಾಯಮಾನ ಹೊಂದಲಿಲ್ಲ. ಚುನಾವಣೆಯನ್ನೇ ನೋಡಿ. ಬ್ರಿಟನ್ನಿನಲ್ಲಿ ಅಭ್ಯರ್ಥಿ ‘ಸ್ಟ್ಯಾಂಡ್’ ಆಗುತ್ತಾನೆ, ಅಮೆರಿಕದಲ್ಲಿ ‘ರನ್’ ಆಗುತ್ತಾನೆ. ನಮ್ಮವರು ಎಲೆಕ್ಷನ್‌ಗೆ ನಿಲ್ಲುತ್ತಾರೆ. ಗೆದ್ದ ಮೇಲೆ ಓಡುತ್ತಾರೆ, ರೆಸಾರ್ಟಿಗೆ.

ನಾವು ‘ರನ್’ ಅನ್ನು ಕನ್ನಡಕ್ಕೆ ಕರೆದುಕೊಂಡಿದ್ದೇವೆ, ಆದರೆ ಪೂರ್ತಿ ಸಂಸಾರ ಸಮೇತ ಅಲ್ಲ. ಕ್ರಿಕೆಟ್ಟಿನ ರನ್ನು ಬಂತು. ಓಡುತ್ತಿರುವ ಬಸ್ಸು ‘ರನ್ನಿಂಗ್ ಬಸ್ಸು’ ಆಯಿತು. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರ ಬಾಯಲ್ಲಿ ‘ಒಳ್ಳೇ ರನ್ನಿಂಗ್ ಕಂಡೀಷನ್’, ಗುತ್ತಿಗೆದಾರರ ಬಾಯಲ್ಲಿ ‘ರನ್ನಿಂಗ್ ಬಿಲ್ಲು’, ಸಾಫ್ಟ್‌ವೇರ್ ಹುಡುಗರ ಬಾಯಲ್ಲಿ ‘ಕೋಡ್ ರನ್ ಆಗ್ತಿಲ್ಲ’. ಮೂಗನ್ನು ಮಾತ್ರ ಯಾರೂ ರನ್ ಮಾಡಲಿಲ್ಲ. ‘ಸೋರು’ ಇರುವಾಗ ಅದರ ಅಗತ್ಯವೂ ಬೀಳಲಿಲ್ಲ.

ಪುಟ್ಟ ಕ್ರಿಯಾಪದಗಳನ್ನು ಕಂಡು ಉಬ್ಬಿಹೋದವರು ಇಂಗ್ಲಿಷ್ ಭಾಷಾತಜ್ಞ ಸಿ.ಕೆ. ಆಗ್ಡನ್. ಕಲಿಯಲು ಸುಲಭವಾಗಲೆಂದು 1930ರಲ್ಲಿ ಅವರು ಹೊರತಂದ ಬೇಸಿಕ್ ಇಂಗ್ಲಿಷಿನಲ್ಲಿ ಒಟ್ಟು 850 ಪದ, ಅದರಲ್ಲಿ ಕ್ರಿಯಾಪದ 18 ಮಾತ್ರ. ‘ಗೋ’, ‘ಪುಟ್’, ‘ಗೆಟ್’, ‘ಟೇಕ್’ ಇಂಥವಕ್ಕೆ ‘ಇನ್’, ‘ಆಫ್’ ಜೋಡಿಸಿದರೆ ಪ್ರಪಂಚವನ್ನೆಲ್ಲ ಹೇಳಬಹುದೆಂದು ಅವರ ವಾದ. ‘ರನ್’ಗೆ ಆ ಹದಿನೆಂಟರಲ್ಲಿ ಜಾಗ ಸಿಗಲಿಲ್ಲ, ಅದನ್ನು ನಾಮಪದಗಳ ಸಾಲಿಗೆ ತಳ್ಳಿದರು. ಚರ್ಚಿಲ್ 1943ರಲ್ಲಿ ಹಾರ್ವರ್ಡಿನಲ್ಲಿ ಈ ಯೋಜನೆಯನ್ನು ಹೊಗಳಿದರು. ರೂಸ್‌ವೆಲ್ಟ್ ಮಾತ್ರ ಕಾಲೆಳೆದರು: ಚರ್ಚಿಲ್ಲರ ಪ್ರಸಿದ್ಧ ಭಾಷಣದ ಕಣ್ಣೀರು, ಬೆವರು ಬೇಸಿಕ್ ಇಂಗ್ಲಿಷಿನಲ್ಲಿ ಕಣ್ಣಿನ ನೀರು, ಮುಖದ ನೀರು ಆಗುತ್ತದಲ್ಲ ಅಂತ. ಈ ಜೋಕು ಕನ್ನಡಿಗರ ಮುಂದೆ ಅರ್ಧ ಬಿದ್ದುಹೋಗುತ್ತದೆ, ಕಣ್ಣಿನ ನೀರನ್ನೇ ಕಣ್ಣೀರು ಅಂದುಕೊಂಡು ನಾವು ತಲೆತಲಾಂತರದಿಂದ ಗಂಭೀರವಾಗಿ ಅತ್ತಿದ್ದೇವೆ.

ಆಗ್ಡನ್ ಲೆಕ್ಕಕ್ಕೆ ತೆಗೆದುಕೊಳ್ಳದ್ದು ಒಂದಿದೆ. ಕ್ರಿಯಾಪದ ಪುಟ್ಟದಾದಷ್ಟೂ ಕಲಿಯುವುದು ಸುಲಭವಲ್ಲ, ಕಷ್ಟ. ‘ಪೋಸ್ಟ್‌ಪೋನ್’ ನಮ್ಮವರಿಗೆ ತಕ್ಷಣ ಬರುತ್ತದೆ, ‘ಪುಟ್ ಆಫ್’ಗೆ ನಾಲಿಗೆ ತಡವರಿಸುತ್ತದೆ. ಇದು ಇಂಗ್ಲಿಷಿನ ಜಾಡ್ಯವೆಂದು ಬೀಗುವವರು ನಮ್ಮ ‘ಬಿಡು’ವನ್ನು ಹೊರಗಿನವರಿಗೆ ಕಲಿಸಿ ನೋಡಬೇಕು.

ನಮ್ಮ ಬೀದಿಯ ಅಜ್ಜಿಯೊಬ್ಬರು ನ್ಯೂಜೆರ್ಸಿಯ ಮೊಮ್ಮಗಳಿಗೆ ಭಾನುವಾರ ವಿಡಿಯೊ ಕರೆ ಮಾಡುತ್ತಾರೆ. ಒಂದು ದಿನ ನಾನೂ ಪಕ್ಕದಲ್ಲಿದ್ದೆ. ಮಳೆ ಬಿಡ್ತೇನೇ, ಗುಲಾಬಿ ಹೂ ಬಿಡ್ತಾ, ನಿಮ್ಮಪ್ಪ ಗಡ್ಡ ಬಿಟ್ಟಿದಾನಂತಲ್ಲ ಅಂತ ಅಜ್ಜಿ ಒಂದೇ ಉಸಿರಿಗೆ ಕೇಳಿದರು. ವಾರಾಂತ್ಯದ ಕನ್ನಡ ತರಗತಿಗೆ ಹೋಗುವ ಹುಡುಗಿ ಸ್ವಲ್ಪ ಯೋಚಿಸಿ, “ಅಜ್ಜಿ, ಮಳೆ ಬಿಟ್ರೆ ಮಳೆ ಇರಲ್ಲ. ಹೂ ಬಿಟ್ರೆ ಹೂ ಇರತ್ತೆ. ಗಡ್ಡ ಬಿಟ್ರೆ ಗಡ್ಡ ಇರತ್ತಾ, ಇರಲ್ವಾ?” ಅಂದಳು.

“ಇರತ್ತೆ ಕಣೇ” ಅಂದರು ಅಜ್ಜಿ. “ಅದೇ ನನಗೆ ಸಂಕಟ.”