ಕೃಷಿ ಕಾಲೇಜಿನ ಮಕ್ಕಳು ತೋಟಕ್ಕೆ ಬಂದಾಗ

ಕಳೆದ ಮಳೆಗಾಲದಲ್ಲಿ ನಾವು ನೆರೆಯ ಹಳ್ಳಿಯೊಂದರ ಅಡಿಕೆ ತೋಟಕ್ಕೆ ಹೋಗಿದ್ದೆವು. ಎರಡನೆಯ ಮದ್ದು ಬಿಡುವ ಹೊತ್ತು. ಎರಡು ದಿನ ಮಳೆ ಹೊಳವಾಗಿತ್ತು. ಅಂಗಳದಲ್ಲಿ ಮದ್ದು ಕೂಡುತ್ತಿದ್ದವಳು ಕೃಷಿ ಕಾಲೇಜಿನ ಕೊನೆಯ ವರ್ಷದ ಒಬ್ಬ ಹುಡುಗಿ. ತೆಂಕಣ ಜಿಲ್ಲೆಯವಳು, ಮನೆಮಾತು ಮಲಯಾಳ. ಪುಸ್ತಕದಲ್ಲಿರುವಂತೆಯೇ ೧ ಕಿಲೋ ಮೈಲುತುತ್ತು, ೧ ಕಿಲೋ ಸುಣ್ಣ, ೧೦೦ ಲೀಟರು ನೀರು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ತುತ್ತಿಗಲ್ಲ ಎಂಬುದನ್ನೂ ಅವಳು ಮರೆತಿರಲಿಲ್ಲ. ಎಪ್ಪತ್ತು ದಾಟಿದ ತೋಟದ ಯಜಮಾನರು ಏನೂ ಹೇಳದೆ ಸೊಂಟದ ಕತ್ತಿಯನ್ನು ತೆಗೆದು ಮದ್ದಿನಲ್ಲಿ ಅದ್ದಿ ಎತ್ತಿದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತ್ತು.

“ಸುಣ್ಣ ಸಾಲದು ಮಗಳೇ. ಇದು ಹಳೆಯ ಸುಣ್ಣ, ಗಾಳಿ ತಾಗಿ ಸತ್ತಿದೆ. ತೂಕ ಸರಿಯಿದ್ದರೆ ಆಯಿತೇ?”

ಕತ್ತಿ ಕೆಂಪಾಗದೆ ಬರುವ ತನಕ ಹುಡುಗಿ ಸುಣ್ಣದ ನೀರು ಸೇರಿಸಿದಳು. “ಹಾಗೇ ಬಿಟ್ಟಿದ್ದರೆ, ಅಜ್ಜ?” ಎಂದು ಅರೆಗನ್ನಡದಲ್ಲಿ ಕೇಳಿದಳು. “ಎಳೆಕಾಯಿ ಸುಡುತ್ತಿತ್ತು” ಎಂದರು ಅವರು. ಅವಳು ಪುಸ್ತಕ ತೆಗೆದು ಬರೆದುಕೊಂಡಳು. ಆಮೇಲೆ ಯಜಮಾನರು ನಮ್ಮ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಈ ಮಕ್ಕಳಿಗೆ ಇದಕ್ಕೆ ಸರಕಾರ ದುಡ್ಡು ಕೊಡುತ್ತದಂತೆ, ಹೌದೇ?”

ಹೌದು. ಕೃಷಿ ಪದವಿ ನಾಲ್ಕು ವರ್ಷದ್ದು. ಅದರ ಕೊನೆಯ ವರ್ಷದ ಒಂದು ಅರ್ಧ ತರಗತಿಯ ಕೋಣೆಯಲ್ಲಿ ಕಳೆಯತಕ್ಕದ್ದಲ್ಲ. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹೆಸರು. ಮಕ್ಕಳ ಬಾಯಲ್ಲಿ ‘ರಾವೆ’. ೧೯೯೨ರ ರಾಂಧವಾ ಸಮಿತಿಯ ಶಿಫಾರಸಿನಿಂದ ಇದಕ್ಕೆ ಬಲ ಬಂತು. ವೈದ್ಯ ಕಾಲೇಜಿನವರು ಪದವಿ ಕೈಗೆ ಬರುವ ಮೊದಲು ಆಸ್ಪತ್ರೆಯಲ್ಲಿ ದುಡಿಯುವಂತೆ ಕೃಷಿಯವರು ಹಳ್ಳಿಯಲ್ಲಿ ದುಡಿಯಲಿ ಎಂಬುದು ಇದರ ಹುರುಳು. ೨೦೧೬ರಿಂದ ಜಾರಿಗೆ ಬಂದ ಪಠ್ಯಕ್ರಮವು ಇದಕ್ಕೆ ೨೦ ವಾರಗಳನ್ನು ಕೊಟ್ಟಿತು. ಅದರಲ್ಲಿ ೮ ವಾರ ಹಳ್ಳಿಯ ರೈತರೊಡನೆ. ಉಳಿದುದು ಕೃಷಿ ವಿಜ್ಞಾನ ಕೇಂದ್ರ, ಸಸ್ಯರೋಗ ಚಿಕಿತ್ಸಾಲಯ, ಕಾರ್ಖಾನೆ ಮೊದಲಾದ ಕಡೆ. ಉಳಿದರ್ಧ ವರ್ಷದಲ್ಲಿ ಅಣಬೆ, ಜೇನು, ಬೀಜೋತ್ಪಾದನೆ ಮುಂತಾದುದನ್ನು ತಾವೇ ನಡೆಸಿ ಮಾರುವುದೂ ಉಂಟು. ಬಂದ ಲಾಭದಲ್ಲಿ ಮಕ್ಕಳಿಗೂ ಪಾಲು.

ಇನ್ನು ದುಡ್ಡಿನ ಮಾತು. ೨೦೧೫ರಲ್ಲಿ ಕೇಂದ್ರ ಸರಕಾರವು ಈ ವಿದ್ಯಾರ್ಥಿಗಳ ವೇತನವನ್ನು ತಿಂಗಳಿಗೆ ೩,೦೦೦ ರೂಪಾಯಿ, ಹೆಚ್ಚೆಂದರೆ ಆರು ತಿಂಗಳು ಎಂದು ಗೊತ್ತುಮಾಡಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೂಲಕ ಬರುವ ಹಣ. ದಿನಕ್ಕೆ ನೂರು ರೂಪಾಯಿ ಬಿತ್ತು. ೨೦೨೪–೨೫ರಲ್ಲಿ ಕೇರಳದ ಉದ್ಯೋಗ ಖಾತರಿಯ ದಿನಗೂಲಿ ೩೪೬ ರೂಪಾಯಿ ಇತ್ತೆಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದನ್ನು ಸಂಬಳವೆನ್ನಲು ನಾಲಗೆ ಏಳುವುದಿಲ್ಲ. ಬಾಡಿಗೆ, ಊಟ, ಬಸ್ಸು ಎಲ್ಲವೂ ಇದರಲ್ಲೇ ಆಗಬೇಕು. ಹಣ ಕೈಸೇರುವಾಗ ಶಿಬಿರ ಮುಗಿದು ತಿಂಗಳುಗಳೇ ಆಗಿದ್ದವೆಂದು ಒಬ್ಬ ಹುಡುಗ ನಮ್ಮಲ್ಲಿ ಹೇಳಿಕೊಂಡ. ಅಲ್ಲಿಯವರೆಗೆ ಅವನ ತಾಯಿ ಬೀಡಿ ಕಟ್ಟಿದ ದುಡ್ಡಿನಲ್ಲಿ ನಡೆಯಿತು. ನಮ್ಮ ಕಡೆಯ ಮಕ್ಕಳನ್ನು ಕೃಷಿ ಕಾಲೇಜಿಗೆ ಕಳುಹಿಸುವ ತಂದೆತಾಯಿಗಳು ಈ ಒಂದು ವಿಷಯವನ್ನು ಸೇರುವ ದಿನವೇ ಕಚೇರಿಯಲ್ಲಿ ಕೇಳಿಕೊಳ್ಳಬೇಕು: ಈಗ ವೇತನ ಎಷ್ಟು, ಯಾವಾಗ, ಯಾರ ಖಾತೆಗೆ? ಕೇಳಲು ನಾಚಿಕೆಪಡುವ ಮಾತಲ್ಲ.

ಕಲಿಕೆಯ ನಡುವೆ ಕೂಲಿ ಎಂಬ ಈ ಪದ್ಧತಿ ಬಹಳ ದೂರದಲ್ಲಿ ಹುಟ್ಟಿದ್ದು. ಅಮೆರಿಕದ ಓಹಾಯೊ ಸೀಮೆಯ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಎಂಜಿನಿಯರಿಂಗ್ ಅಧ್ಯಾಪಕರು ೧೯೦೬ರಲ್ಲಿ ೨೭ ಮಂದಿ ವಿದ್ಯಾರ್ಥಿಗಳೊಡನೆ ಇದನ್ನು ಆರಂಭಿಸಿದರು. ಒಂದು ವಾರ ಕಾಲೇಜು, ಮರುವಾರ ಕಾರ್ಖಾನೆ. ಒಬ್ಬ ತರಗತಿಗೆ ಹೋದಾಗ ಅವನ ಜೊತೆಗಾರ ಬಂದು ಅದೇ ಯಂತ್ರದ ಮುಂದೆ ನಿಲ್ಲುತ್ತಿದ್ದ. ಕೂಲಿ ಕೊಡುವವನು ಕಾರ್ಖಾನೆಯ ಧಣಿ. ಆಡಳಿತ ಮಂಡಳಿಗೆ ಭರವಸೆ ಇರಲಿಲ್ಲ; ಒಂದು ವರ್ಷ ಪರೀಕ್ಷೆಗೆಂದು ಬಿಟ್ಟಿತು. ಅದು ಇಂದಿಗೂ ನಿಂತಿಲ್ಲ.

ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸವನ್ನು ನಮ್ಮ ಓದುಗರು ಗಮನಿಸಬೇಕು. ಅಲ್ಲಿ ಧಣಿ ಕೂಲಿ ಕೊಟ್ಟ, ಆದ್ದರಿಂದ ಕೆಲಸ ಕೇಳಿದ. ಇಲ್ಲಿ ಕೊಡುವುದು ಸರಕಾರ, ತೋಟ ನಮ್ಮದು. ತಾನು ಕೊಡದ ಕೂಲಿಗೆ ಕೆಲಸ ಕೇಳಲು ರೈತನಿಗೆ ಸಂಕೋಚ. ಕೇಳುವವರಿಲ್ಲದ ಮೇಲೆ ಹುಡುಗನೂ ಪಡ ತೆಗೆದುಕೊಂಡು, ಸಹಿ ಹಾಕಿಸಿಕೊಂಡು ನಡೆಯುತ್ತಾನೆ. ಇಂಥದನ್ನೂ ನಾವು ಕಂಡಿದ್ದೇವೆ. ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆದರು. ಆಮೇಲೆ ಕಾಗದದ ದೊಡ್ಡ ಸಣ್ಣ ಬಿಲ್ಲೆಗಳನ್ನು ಕೊಟ್ಟು, ಊರಿಗೆ ಯಾವ ಸಂಸ್ಥೆ ಎಷ್ಟು ಹತ್ತಿರವೋ ಹಾಗೆ ಇಡಿ ಎಂದರು. ಒಬ್ಬ ಅಜ್ಜಿ ರೇಶನ್ ಅಂಗಡಿಯ ದೊಡ್ಡ ಬಿಲ್ಲೆಯನ್ನು ನಡುವೆಯೇ ಇಟ್ಟು, ಕೃಷಿ ಭವನದ ಸಣ್ಣ ಬಿಲ್ಲೆಯನ್ನು ಬಾವಿಕಟ್ಟೆಯಾಚೆ ಇಟ್ಟುಬಂದರು. ಎಲ್ಲರೂ ನಕ್ಕರು. ಪಡ ತೆಗೆದಾಯಿತು. ಅಜ್ಜಿ ಹಾಗೇಕೆ ಇಟ್ಟರೆಂದು ಯಾರೂ ಕೇಳಲಿಲ್ಲ. ಸಂಜೆಯ ಮಳೆಗೆ ರಂಗೋಲಿ ತೊಳೆದುಹೋಯಿತು.

ನಮ್ಮಂಥ ಗಡಿನಾಡಿನಲ್ಲಿ ಭಾಷೆಯ ತೊಡಕು ಬೇರೆ. ಜಿಲ್ಲೆಯಲ್ಲೇ, ಪಡನ್ನಕ್ಕಾಡಿನಲ್ಲಿ, ಕೃಷಿ ಕಾಲೇಜು ಇದೆ. ಅಲ್ಲಿಗೆ ರಾಜ್ಯದ ಎಲ್ಲ ಕಡೆಯಿಂದ ಮಕ್ಕಳು ಬರುತ್ತಾರೆ. ಕನ್ನಡವೋ ತುಳುವೋ ಆಡುವ ಹಳ್ಳಿಗೆ ಬಂದ ಮಲಯಾಳದ ಹುಡುಗಿ ಮಣ್ಣು ಪರೀಕ್ಷೆಯ ಚೀಟಿ ಕೊಟ್ಟು ಹೋದರೆ ಅದನ್ನು ಓದುವವರು ಯಾರು? ಮೇಲೆ ಹೇಳಿದ ಯಜಮಾನರು ಚೀಟಿಯನ್ನು ಹಿಂದೆ ಕೊಟ್ಟು, “ಕನ್ನಡದಲ್ಲಿ ಬರೆದು ತಾ ಮಗಳೇ, ಇಲ್ಲವಾದರೆ ಇದು ಮಾಡಿನ ಎಡೆಗೆ ಹೋಗುತ್ತದೆ” ಎಂದರಂತೆ. ಅವಳು ಕನ್ನಡ ಬಲ್ಲ ಗೆಳತಿಯನ್ನು ಹಿಡಿದು, ಮಣ್ಣಿನ ಹುಳಿ ಎಷ್ಟು, ಬುಡಕ್ಕೆ ಸುಣ್ಣ ಎಷ್ಟು ಎಂಬುದನ್ನು ಬರೆಯಿಸಿ ತಂದಳು. ಆ ಚೀಟಿ ಈಗ ಜಗಲಿಯ ಗೋಡೆಯಲ್ಲಿದೆ. ನಾವು ಓದಿ ನೋಡಿದೆವು. ಎರಡು ಕಡೆ ಒತ್ತಕ್ಷರ ತಪ್ಪಿದೆ, ಲೆಕ್ಕ ತಪ್ಪಿಲ್ಲ.

ಆದುದರಿಂದ ಈ ಮಕ್ಕಳು ಊರಿಗೆ ಬಂದರೆ ಅವರನ್ನು ಅತಿಥಿಗಳಂತೆ ಕುರ್ಚಿಯಲ್ಲಿ ಕುಳ್ಳಿರಿಸಬೇಡಿ, ಅಧಿಕಾರಿಗಳಂತೆ ಹೆದರಲೂ ಬೇಡಿ. ಮಣ್ಣು ತೆಗೆಸಿ. ಸೊರಗಿದ ತೆಂಗನ್ನೋ ಹಳದಿಯಾದ ಅಡಿಕೆ ಮರವನ್ನೋ ತೋರಿಸಿ, ಕಾರಣ ಹುಡುಕಲು ಹೇಳಿ. ತಿಳಿಯದಿದ್ದರೆ ಎಲೆ ಬೇರು ಸಹಿತ ಕಾಲೇಜಿಗೆ ಒಯ್ಯಲಿ, ಅಲ್ಲಿನ ಗುರುಗಳನ್ನು ಕೇಳಿ ಬಂದು ಹೇಳಲಿ. ಬರೆದುಕೊಡುವುದೆಲ್ಲ ಕನ್ನಡದಲ್ಲಿರಲಿ. ಮಧ್ಯಾಹ್ನ ಮನೆಯಲ್ಲಿ ಬೇಯಿಸಿದ ಗಂಜಿಯಲ್ಲಿ ಒಂದು ಪಾಲು ಹಾಕಿ; ದಿನಕ್ಕೆ ನೂರು ರೂಪಾಯಿಯ ಲೆಕ್ಕ ನಿಮಗೀಗ ಗೊತ್ತಿದೆ.

ನಾವು ಹೊರಟಾಗ ಆ ಹುಡುಗಿ ಮದ್ದಿನ ಹಂಡೆ ತೊಳೆಯುತ್ತಿದ್ದಳು. ಅಂಗೈ ನೀಲಿಯಾಗಿತ್ತು. ಯಜಮಾನರು ಒಳಗಿನಿಂದ ಹೊಸ ಸುಣ್ಣದ ಚೀಲ ತಂದಿಟ್ಟು, ನಾಳೆಯ ಮದ್ದಿಗೆ ಇದನ್ನೇ ತೂಗಬೇಕೆಂದು ಹೇಳುತ್ತಿದ್ದರು.