ಮಡಿಲ ಕೂಸಿಗೆ ಪಟ್ಟೆಯ ಹೊದಿಕೆ

ಮನೆಗೆ ಹೊಸ ಜೀವವೊಂದು ಬರಲಿದೆಯೆಂಬ ಸುದ್ದಿ ತಿಳಿದೊಡನೆ ಅಜ್ಜಿಯಾಗುವವಳ ಕೈಗಳು ಸುಮ್ಮನಿರಲಾರವು. ನಮ್ಮ ಸೀಮೆಯಲ್ಲಿ ಮೆತ್ತಗಾದ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುವುದು, ಖಣದ ತುಂಡಿನಲ್ಲಿ ಕುಂಚಿಗೆ ಮಾಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ರಾಯಚೂರು ಕಡೆಯಿಂದ ಈ ಹೈದರಾಬಾದಿಗೆ ಬಂದು ನೆಲೆಸಿದ ನನ್ನಂಥವರಿಗೆ ಕೌದಿಯ ನೆನಪೇನೋ ಇದೆ. ಅದನ್ನು ಹರಡಿ ಹೊಲಿಯಲು ಅಂಗಳವಿಲ್ಲ, ಕೂಡಿ ಕುಳಿತು ದಾರ ಎಳೆಯಲು ನಾಲ್ಕು ಜನ ಓರಗಿತ್ತಿಯರಿಲ್ಲ. ಕಾಚಿಗುಡದ ಎರಡು ಕೋಣೆಯ ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸವೇನೆಂದು ಯೋಚಿಸುತ್ತಿದ್ದಾಗ ನನ್ನ ಕೈಗೆ ಬಂದದ್ದು ಕ್ರೋಶಾ ಕಡ್ಡಿ. ಅದಕ್ಕೆ ಬೇಕಾದ ಸ್ಥಳ ಒಂದು ಮಡಿಲಷ್ಟೇ.

ಐವತ್ತೆಂಟನೆಯ ವಯಸ್ಸಿನಲ್ಲಿ ಕಲಿತ ಈ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳನ್ನೂ, ಆ ತಪ್ಪುಗಳಿಂದ ಶಿಶುವಿನ ಆರೋಗ್ಯದ ವಿಷಯವಾಗಿ ತಿಳಿದುಕೊಂಡ ಕೆಲವು ಮಾತುಗಳನ್ನೂ ನಮ್ಮ ಸಹೋದರಿಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗೋದಾವರಿ ತೀರದ ಕಲೆ

ಕ್ರೋಶಾ ಎಂಬುದು ಫ್ರೆಂಚ್ ಭಾಷೆಯ ಶಬ್ದ. ಚಿಕ್ಕ ಕೊಕ್ಕೆ ಎಂದು ಅದರ ಅರ್ಥ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆ ನಾಶವಾಗಿ ಭೀಕರ ಕ್ಷಾಮ ತಲೆದೋರಿದಾಗ ಅನೇಕ ಸಂಸಾರಗಳ ಹೆಂಗಸರು ಈ ಕೊಕ್ಕೆಯ ಕೆಲಸದಿಂದಲೇ ಅನ್ನ ಸಂಪಾದಿಸಿದರು. ನಮ್ಮ ನೆರೆಯಲ್ಲಿಯೂ ಇಂಥದೇ ಕಥೆಯಿದೆ. ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತಮುತ್ತ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಬಂದ ಈ ಹೆಣಿಗೆ ಅಲ್ಲಿನ ಹೆಣ್ಣುಮಕ್ಕಳ ಮನೆಯ ಉದ್ಯೋಗವಾಗಿ ಬೆಳೆಯಿತು. ಜರ್ಮನಿಯ ವಿದುಷಿ ಮರಿಯಾ ಮೀಸ್ ಅವರು ಅಲ್ಲಿಗೆ ಬಂದು ಅಧ್ಯಯನ ನಡೆಸಿ 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ವಿದೇಶಗಳ ಪೇಟೆಗೆ ಹೋಗುವ ಸರಕನ್ನು ತಯಾರಿಸಿಯೂ ಆ ಹೆಂಗಸರು ಬರಿಯ ಗೃಹಿಣಿಯರೆಂದೇ ಎಣಿಸಲ್ಪಟ್ಟು, ಅವರ ದುಡಿಮೆ ಬಿಡುವಿನ ವೇಳೆಯ ಆಟವೆಂದು ಪರಿಗಣಿತವಾಗಿ, ಅತ್ಯಲ್ಪ ಕೂಲಿ ಪಡೆಯುತ್ತಿದ್ದರೆಂಬುದನ್ನು ಅವರು ತೋರಿಸಿಕೊಟ್ಟರು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ನನ್ನ ಗುರು ಆ ಕಡೆಯವಳೇ. ನಮ್ಮ ಮೇಲಿನ ಮಹಡಿಯಲ್ಲಿರುವ ತೆಲುಗು ಹೆಣ್ಣುಮಗಳು. ತನ್ನ ಎಂಟನೆಯ ವಯಸ್ಸಿನಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಕೊಕ್ಕೆ ಹಿಡಿದವಳು. "ಅಕ್ಕಾ, ಮೊದಲು ಚಿಕ್ಕ ತುಂಡು ಮಾಡಿರಿ, ಸಾಲುಸಾಲಿಗೂ ಲೆಕ್ಕ ಹಾಕಿರಿ" ಎಂದು ಆಕೆ ಮೊದಲ ದಿನವೇ ಹೇಳಿದಳು. ನಾನು ಎರಡನ್ನೂ ಕೇಳಲಿಲ್ಲ.

ಮೊದಲ ಹೊದಿಕೆಯ ಪಾಠ

ಪೇಟೆಯಲ್ಲಿ ಕಣ್ಣಿಗೆ ಹೊಳೆದ ಗುಲಾಬಿ ಬಣ್ಣದ ಉಲ್ಲನ್ ತಂದೆ. ಉಲ್ಲನ್ ಎಂದು ನಾವು ಕರೆಯುವ ಆ ದಾರದಲ್ಲಿ ಉಣ್ಣೆಯ ಎಳೆಯೇ ಇರಲಿಲ್ಲ, ಅದು ಅಕ್ರಿಲಿಕ್. ಚಿತ್ರದಲ್ಲಿ ಕಂಡ ಜಾಲರಿಯ ವಿನ್ಯಾಸವನ್ನೇ ಹಿಡಿದು ಕುಳಿತೆ. ಸಾಲಿನ ಕೊನೆಯ ಕುಣಿಕೆಯನ್ನು ಮತ್ತೆ ಮತ್ತೆ ಮರೆತದ್ದರಿಂದ ಚೌಕವಾಗಬೇಕಾದ ಹೊದಿಕೆ ಮೇಲೇರಿದಂತೆ ಕಿರಿದಾಗಿ ಮೊರದ ಆಕಾರ ತಾಳಿತು. ಆದರೂ ಪ್ರೀತಿ ಕುರುಡಲ್ಲವೇ? ಅದನ್ನೇ ಒಗೆದು ಮಡಿಸಿಟ್ಟೆ.

ಮಗಳಿಗೆ ಡಿಸೆಂಬರಿನಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸಿನ ತೂಕ 1,900 ಗ್ರಾಂ. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ವಾರ, ಒಂದು ಮಧ್ಯಾಹ್ನ ಮಗು ಎಡೆಬಿಡದೆ ಅಳತೊಡಗಿತು. ಹಾಲಿಗಲ್ಲ, ಹೊಟ್ಟೆನೋವಿಗಲ್ಲ. ಮಗಳು ಬಟ್ಟೆಗಳನ್ನೆಲ್ಲ ತೆಗೆದು ನೋಡಿ, "ಅವ್ವಾ, ಕಾಲು ನೋಡು" ಎಂದಳು. ನನ್ನ ಜಾಲರಿಯ ಸಡಿಲಾದ ಎಳೆಯೊಂದು ಕಾಲಿನ ಕಿರುಬೆರಳಿಗೆ ಸುತ್ತಿಕೊಂಡು ಬೆರಳು ಕೆಂಪೇರಿ ಊದಿತ್ತು. ಚಿಕ್ಕ ಕತ್ತರಿಯಿಂದ ಎಳೆಯನ್ನು ಬಿಡಿಸಿ ವೈದ್ಯರಲ್ಲಿಗೆ ಓಡಿದೆವು. ದೇವರ ದಯೆಯಿಂದ ಬೆರಳಿಗೆ ಏನೂ ಆಗಲಿಲ್ಲ. ಕೂದಲಾಗಲಿ ದಾರವಾಗಲಿ ಬಿಗಿಯಾಗಿ ಸುತ್ತಿಕೊಂಡು ಬಹಳ ಹೊತ್ತು ಉಳಿದರೆ ರಕ್ತಸಂಚಾರ ನಿಂತು ಬೆರಳಿಗೇ ಅಪಾಯವೆಂದು ವೈದ್ಯರು ತಿಳಿಸಿದರು. ಕಾರಣವಿಲ್ಲದೆ ಅಳುವ ಕೂಸಿನ ಕೈಕಾಲಿನ ಬೆರಳುಗಳನ್ನು ಮೊದಲು ನೋಡಬೇಕೆಂಬುದನ್ನು ಅಂದು ಕಲಿತೆ.

ಅವರು ಹೊದಿಕೆಯನ್ನು ಕೈಯಲ್ಲಿ ಹಿಡಿದು ನೋಡಿ ಮತ್ತೊಂದು ಮಾತು ಕೇಳಿದರು: "ಅಮ್ಮಾ, ಇದನ್ನು ಮಗು ಮಲಗಿದಾಗ ಹೊದಿಸುತ್ತೀರಾ?" ಹೌದೆಂದೆ. "ಹಾಗಾದರೆ ಇನ್ನು ಮೇಲೆ ಬೇಡ" ಎಂದರು. ತಿಂಗಳುಗಟ್ಟಲೆ ಹೆಣೆದ ಕೈಗೆ ಆ ಮಾತು ನೋವಾಗಿ ತಟ್ಟಿತು. ಅದರ ಕಾರಣವನ್ನು ಅವರು ವಿವರಿಸಿದ ಮೇಲೆ ಆ ನೋವು ತಿಳಿವಳಿಕೆಯಾಗಿ ಪರಿಣಮಿಸಿತು.

ಶಿಶುವಿಗೆ ಬೇಕಾದ ಬಿಸುಪು

ನವಜಾತ ಶಿಶುವಿನ ಕಂಕುಳಲ್ಲಿ ಅಳೆದ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ನಮ್ಮಂತೆ ನಡುಗಿ ಮೈ ಬಿಸಿಮಾಡಿಕೊಳ್ಳುವ ಶಕ್ತಿ ಕೂಸಿಗಿಲ್ಲ. ಅದರ ಮೈಯಲ್ಲಿರುವ ಕಂದು ಬಣ್ಣದ ಒಂದು ಬಗೆಯ ಕೊಬ್ಬು ಉರಿದು ಶಾಖ ಹುಟ್ಟಿಸುತ್ತದೆ. 2,500 ಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳಲ್ಲಿ, ವಿಶೇಷವಾಗಿ ದಿನ ತುಂಬದೆ ಹುಟ್ಟಿದವುಗಳಲ್ಲಿ, ಈ ಕೊಬ್ಬೂ ಕಡಿಮೆ. ನಮ್ಮ ನಗರ ದಖನ್ ಪ್ರಸ್ಥಭೂಮಿಯ ಮೇಲೆ ಐನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಡಿಸೆಂಬರ್, ಜನವರಿಯ ರಾತ್ರಿಗಳು ಹಿರಿಯರಿಗೆ ಹಿತವಾದರೂ ಇಂಥ ಕೂಸುಗಳಿಗೆ ಚಳಿಯೇ ಸರಿ.

ಇದಕ್ಕೆ ಅತ್ಯುತ್ತಮ ಉಪಾಯ ಹೊದಿಕೆಯಲ್ಲ, ತಾಯಿಯ ಮೈ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಡಾ. ಎಡ್ಗರ್ ರೇ ಅವರು ಕಾಂಗರೂ ಪದ್ಧತಿಯನ್ನು ಬಳಕೆಗೆ ತಂದರು. ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿ ಮೇಲಿನಿಂದ ಬಟ್ಟೆ ಕಟ್ಟುವ ಈ ಕ್ರಮವನ್ನು ಇಂದು ಜಗತ್ತಿನಾದ್ಯಂತ ವೈದ್ಯರು ಅನುಸರಿಸುತ್ತಾರೆ. ತಂದೆಯೂ ಅಜ್ಜಿಯೂ ಹೀಗೆ ಕೂಸನ್ನು ಇಟ್ಟುಕೊಳ್ಳಬಹುದು. ಮಗುವಿಗೆ ಚಳಿಯಾಗಿದೆಯೇ ಎಂದು ತಿಳಿಯಲು ಹೊಟ್ಟೆಯನ್ನೂ ಪಾದಗಳನ್ನೂ ಮುಟ್ಟಿ ನೋಡಬೇಕು. ಎರಡೂ ಬೆಚ್ಚಗಿದ್ದರೆ ಕ್ಷೇಮ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಡಲೇ ಎದೆಗವಚಿಕೊಂಡು ಹಾಲೂಡಿಸಬೇಕು. ಎರಡೂ ತಣ್ಣಗಿದ್ದರೆ ಎದೆಗವಚಿಕೊಂಡೇ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಾಣಂತಿಯ ಮಂಚದ ಕೆಳಗೆ ಕೆಂಡವಿಡುವ ಹಳೆಯ ಪದ್ಧತಿಯನ್ನು ಮಾತ್ರ ಬಿಡಲೇಬೇಕು. ಕೆಂಡದಿಂದ ಹೊರಡುವ ವಿಷಾನಿಲಕ್ಕೆ ವಾಸನೆಯಿಲ್ಲ, ಕನಿಕರವೂ ಇಲ್ಲ.

ಇನ್ನು ನಿದ್ರೆಯ ವಿಷಯ. ಒಂದು ವರ್ಷ ತುಂಬುವವರೆಗೆ ಮಗುವನ್ನು ಅಂಗಾತವಾಗಿಯೇ ಮಲಗಿಸಬೇಕು. ಮಲಗಿದ ಜಾಗದಲ್ಲಿ ಸಡಿಲವಾದ ಹೊದಿಕೆ, ದಿಂಬು, ಗೊಂಬೆಗಳಿರಬಾರದು. ಮುಖದ ಮೇಲೆ ಬಂದ ಬಟ್ಟೆಯನ್ನು ಸರಿಸಿಕೊಳ್ಳಲು ಕೂಸಿಗೆ ಬಾರದು. ಅತಿಯಾದ ಶಾಖವೂ ಅಪಾಯಕರ. ಬ್ರಿಟನ್ನಿನಲ್ಲಿ 1991ರಲ್ಲಿಯೂ ಅಮೆರಿಕದಲ್ಲಿ 1994ರಲ್ಲಿಯೂ ಶಿಶುಗಳನ್ನು ಅಂಗಾತ ಮಲಗಿಸುವ ಪ್ರಚಾರ ಆರಂಭವಾದ ತರುವಾಯ ನಿದ್ರೆಯಲ್ಲಿ ಸಂಭವಿಸುತ್ತಿದ್ದ ಹಠಾತ್ ಶಿಶುಮರಣಗಳು ಗಣನೀಯವಾಗಿ ಇಳಿದವು. ಮಲಗುವ ಮಗುವಿಗೆ ಮೈಗೊಪ್ಪುವ ಅಂಗಿ, ಕಾಲುಚೀಲಗಳು ಸಾಕು.

ಹಾಗಾದರೆ ಅಜ್ಜಿಯ ಹೊದಿಕೆಗೆ ಸ್ಥಳವೆಲ್ಲಿ? ಮಡಿಲಲ್ಲಿ. ಎಚ್ಚರವಾಗಿರುವವರ ತೋಳಿನಲ್ಲಿ. ಹಾಲೂಡಿಸುವಾಗ, ಬಿಸಿಲು ಕಾಯಿಸುವಾಗ, ಲಸಿಕೆಗೆಂದು ಆಟೋದಲ್ಲಿ ಒಯ್ಯುವಾಗ ಅದು ಉಪಯೋಗಕ್ಕೆ ಬರುತ್ತದೆ. ತೊಟ್ಟಿಲಿಗಾಗಿ ಅಲ್ಲ, ಮಡಿಲಿಗಾಗಿ ಹೆಣೆಯಬೇಕು ಎಂದು ನಿಶ್ಚಯಿಸಿ ಗುಲಾಬಿ ಜಾಲರಿಯನ್ನು ತೆಗೆದಿಟ್ಟೆ.

ಎರಡನೆಯ ಹೊದಿಕೆ

ಈ ಬಾರಿ ಗುರುವಿನ ಮಾತು ಕೇಳಿದೆ. ನಮ್ಮ ಹವೆಗೆ ಹತ್ತಿಯ ದಾರವೇ ಮೇಲು. ಬೆವರು ಹೀರುತ್ತದೆ, ಒಗೆಯಲು ಸುಲಭ. ತೀರ ಸಣ್ಣದೂ ತೀರ ದಪ್ಪವೂ ಅಲ್ಲದ ನಡುವಣ ದಪ್ಪದ ದಾರ, 4 ಮಿಲಿಮೀಟರಿನ ಕಡ್ಡಿ. ಸುಮಾರು ಅರ್ಧ ಕಿಲೋ ದಾರ ಬೇಕಾಗುತ್ತದೆ. ಒಂದೊಂದು ಬಣ್ಣವನ್ನೂ ಒಂದೇ ಸಲ ಕೊಳ್ಳುವುದು ಒಳ್ಳೆಯದು. ಬಣ್ಣದ ಪಾಕ ಬೇರೆಯಾದರೆ ಛಾಯೆ ಬದಲಾಗುತ್ತದೆ. ನಾನು ಆರಿಸಿದ್ದು ತಾಯಿಯ ಇಳಕಲ್ ಸೀರೆಯನ್ನು ನೆನಪಿಗೆ ತರುವ ದಾಳಿಂಬೆ ಕೆಂಪು, ಹಾಲುಬಿಳುಪು, ಎಳೆಹಸಿರು. ಕೂಸು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವುದರಿಂದ ಕೆಂಪು ದಾರವನ್ನು ಒದ್ದೆಮಾಡಿ ಬಿಳಿಯ ಬಟ್ಟೆಗೆ ಒತ್ತಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡೆ.

ಹೆಣಿಗೆಗೆ ಬೇಕಾದುದು ಎರಡೇ ಬಗೆಯ ಕುಣಿಕೆ. ಕಡ್ಡಿಯನ್ನು ಕೆಳಗಿನ ಕುಣಿಕೆಗೆ ತೂರಿಸಿ ದಾರ ಎಳೆದುಕೊಂಡು, ಕಡ್ಡಿಯ ಮೇಲಿನ ಎರಡು ಸುತ್ತುಗಳಲ್ಲಿ ಒಮ್ಮೆಗೇ ದಾರ ಹಾಯಿಸಿದರೆ ಗಿಡ್ಡ ಕುಣಿಕೆ. ತೂರಿಸುವ ಮೊದಲೇ ದಾರವನ್ನು ಒಮ್ಮೆ ಕಡ್ಡಿಗೆ ಸುತ್ತಿಕೊಂಡು, ಎಳೆದುಕೊಂಡ ಮೇಲೆ ಎರಡೆರಡು ಸುತ್ತುಗಳಂತೆ ಎರಡು ಸಲ ಹಾಯಿಸಿದರೆ ಎತ್ತರದ ಕುಣಿಕೆ. ಗಿಡ್ಡದ್ದನ್ನು ಅಮೆರಿಕದ ಪುಸ್ತಕಗಳು ಸಿಂಗಲ್ ಕ್ರೋಶಾ ಎನ್ನುತ್ತವೆ, ಇಂಗ್ಲೆಂಡಿನ ಪುಸ್ತಕಗಳು ಅದನ್ನೇ ಡಬಲ್ ಎನ್ನುತ್ತವೆ. ಹೊಸಬರು ಹೆಸರಿಗೆ ಮೋಸಹೋಗದೆ ಕೈಕೆಲಸವನ್ನು ನೋಡಬೇಕು.

ಮೊದಲು 16 ಕುಣಿಕೆಗಳ ಒಂದು ಚಿಕ್ಕ ತುಂಡು ಮಾಡಿ ಅಳೆದೆ. ಹತ್ತು ಸೆಂಟಿಮೀಟರ್ ಬಂದಿತು. ಎಪ್ಪತ್ತೈದು ಸೆಂಟಿಮೀಟರ್ ಅಗಲಕ್ಕೆ 120 ಕುಣಿಕೆಗಳೆಂದು ಲೆಕ್ಕ ಹಾಕಿ, ಒಂದು ಹೆಚ್ಚಾಗಿ 121 ಸರಪಳಿ ಹಾಕಿದೆ. ಕಡ್ಡಿಯಿಂದ ಎರಡನೆಯ ಸರಪಳಿಯಲ್ಲಿ ಒಂದು ಗಿಡ್ಡ, ಮುಂದಿನದರಲ್ಲಿ ಒಂದು ಎತ್ತರ, ಹೀಗೆಯೇ ಕೊನೆಯವರೆಗೆ. ಸಾಲು ಎತ್ತರದ ಕುಣಿಕೆಯಲ್ಲಿ ಮುಗಿಯುತ್ತದೆ. ಒಂದು ಸರಪಳಿ ಹಾಕಿ ಹೆಣಿಗೆಯನ್ನು ತಿರುಗಿಸಿ, ಎತ್ತರದ ನೆತ್ತಿಯ ಮೇಲೆ ಗಿಡ್ಡ, ಗಿಡ್ಡದ ನೆತ್ತಿಯ ಮೇಲೆ ಎತ್ತರ. ಎಲ್ಲ ಸಾಲುಗಳಿಗೂ ಇದೊಂದೇ ನಿಯಮ. ಗಿಡ್ಡದ ಪಕ್ಕದಲ್ಲಿ ಎತ್ತರ ಉಬ್ಬಿ ನಿಲ್ಲುವುದರಿಂದ ರಾಗಿಯ ಕಾಳು ಹರಡಿದಂತೆ ಕೈಗೆ ತಾಗುವ ಉಬ್ಬುತಗ್ಗು ಮೂಡುತ್ತದೆ. ಮುಖ್ಯವಾದುದೆಂದರೆ ಇದರಲ್ಲಿ ಬೆರಳು ತೂರುವ ಕಿಂಡಿಗಳು ಉಳಿಯುವುದಿಲ್ಲ.

ಎಂಟು ಸಾಲಿಗೊಂದು ಪಟ್ಟೆ, ಹದಿನೈದು ಪಟ್ಟೆ. ಒಟ್ಟು 120 ಸಾಲು, ಸುಮಾರು ತೊಂಬತ್ತು ಸೆಂಟಿಮೀಟರ್ ಉದ್ದ. ಬಣ್ಣ ಬದಲಿಸುವಾಗ ಹಳೆಯ ಬಣ್ಣದ ಕೊನೆಯ ಕುಣಿಕೆಯ ಕೊನೆಯ ಎಳೆತವನ್ನು ಹೊಸ ದಾರದಿಂದ ಮಾಡಿದರೆ ಪಟ್ಟೆಯ ಗೆರೆ ನೇರವಾಗಿ ಬರುತ್ತದೆ. ದಾರವನ್ನು ಅಂಚಿನಗುಂಟ ಮೇಲಕ್ಕೆ ಒಯ್ದರೆ ಕೆಲಸ ಹಗುರವೇನೋ ಹೌದು, ಆದರೆ ಆ ಉದ್ದದ ಎಳೆಗಳೇ ಬೆರಳಿಗೆ ಉರುಲು. ಆದುದರಿಂದ ಪ್ರತಿ ಪಟ್ಟೆಗೂ ದಾರ ಕತ್ತರಿಸಿ, ಹತ್ತು ಸೆಂಟಿಮೀಟರಿನಷ್ಟು ತುದಿಯನ್ನು ದೊಡ್ಡ ಕಣ್ಣಿನ ಸೂಜಿಯಿಂದ ಹೆಣಿಗೆಯೊಳಗೆ ಹೋಗಿಬರುವಂತೆ ಪೋಣಿಸಿ ಮುಚ್ಚಿದೆ. ಕುಚ್ಚು, ಮಣಿ, ಗುಂಡಿಗಳ ಆಸೆಯನ್ನು ಬಿಟ್ಟೆ. ಸಾಲಿನ ಮೊದಲ ಮತ್ತು ಕೊನೆಯ ಕುಣಿಕೆಗೆ ಬೇರೆ ಬಣ್ಣದ ದಾರದ ಗುರುತು ಕಟ್ಟಿಕೊಂಡು, ಪ್ರತಿ ಸಾಲಿಗೂ 120 ಎಣಿಸಿದೆ. ಈ ಬಾರಿ ಹೊದಿಕೆ ಮೊರವಾಗಲಿಲ್ಲ. ಮುಗಿದ ಮೇಲೆ ಗುರುತಿನ ದಾರಗಳನ್ನೆಲ್ಲ ತೆಗೆದು, ಹೊದಿಕೆಯನ್ನು ಒಗೆದು ಬಿಸಿಲಿಗೆ ಒಣಹಾಕಿ, ಬಿಟ್ಟ ಎಳೆಗಳಿವೆಯೇ ಎಂದು ಬೆರಳಿನಿಂದ ತಡವಿ ನೋಡಿದೆ. ಇಂದಿಗೂ ಪ್ರತಿ ಸಲ ಒಗೆದಾಗ ಹಾಗೆಯೇ ನೋಡುತ್ತೇನೆ.

ಹೆಣೆಯುವವಳ ಆರೋಗ್ಯ

ಹದಿನಾಲ್ಕು ಸಾವಿರದ ನಾಲ್ಕುನೂರು ಕುಣಿಕೆಗಳು ಕೈಗೂ ಕಣ್ಣಿಗೂ ಸಣ್ಣ ಕೆಲಸವಲ್ಲ. ಬೆನ್ನಿಗೆ ಆಸರೆಯಿರುವ ಕುರ್ಚಿ, ಮೊಣಕೈ ಕೆಳಗೆ ದಿಂಬು, ಭುಜದ ಹಿಂದಿನಿಂದ ಬೀಳುವ ಬೆಳಕು ಅವಶ್ಯಕ. ಕಡ್ಡಿಯನ್ನು ಬಿಗಿಯಾಗಿ ಹಿಡಿಯಬಾರದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು ಬೆರಳು ಚಾಚಿ ಮಡಿಸಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದು ರಾತ್ರಿ ಎಚ್ಚರವಾಗುವಂತಿದ್ದರೆ ಮಣಿಕಟ್ಟಿನ ನರದ ಮೇಲೆ ಒತ್ತಡ ಬಿದ್ದಿರಬಹುದು. ಮಧುಮೇಹವಿರುವವರು ವಿಶೇಷವಾಗಿ ಅದನ್ನು ಉಪೇಕ್ಷಿಸದೆ ವೈದ್ಯರಿಗೆ ತೋರಿಸಬೇಕು.

ಹೊದಿಕೆ ಮುಗಿಯುವ ಹೊತ್ತಿಗೆ ಫೆಬ್ರವರಿ ಕಳೆದು ಚಳಿ ಹಿಂಜರಿದಿತ್ತು. ಕೂಸು ಮೂರೂವರೆ ಕಿಲೋ ತೂಗುತ್ತಿತ್ತು. ಮೇಲಿನ ಮಹಡಿಯ ಗುರು ಕೆಳಗಿಳಿದು ಬಂದು ಹೊದಿಕೆಯ ಅಂಚನ್ನು ಬೆರಳಿನಿಂದ ಎಣಿಸಿ, ನಕ್ಕು, ಏನೂ ಹೇಳದೆ ಹೋದಳು. ಅಂದು ಸಂಜೆ ಮಗಳು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ಮಗುವನ್ನು ಮೊದಲ ಬಾರಿಗೆ ಕರೆತಂದಾಗ ಫ್ಯಾನಿನ ಗಾಳಿಗೆಂದು ನನ್ನ ಪಟ್ಟೆಯ ಹೊದಿಕೆಯನ್ನು ಹೊದಿಸಿಕೊಂಡು ಕುಳಿತಿದ್ದಳು. ಮಗು ಕಣ್ಣು ಮುಚ್ಚಿದೊಡನೆ ಅದನ್ನು ತೆಗೆದು ಮಡಿಸಿ ನನ್ನ ಕೈಗೆ ಕೊಟ್ಟಳು. ಈ ಬಾರಿ ನನಗೆ ನೋವಾಗಲಿಲ್ಲ. ಕಾರ್ಯಕ್ರಮ ಮುಗಿಯುವವರೆಗೆ ಕೂಸಿನ ಬಿಸುಪು ಇನ್ನೂ ಉಳಿದಿದ್ದ ಆ ಹೊದಿಕೆಯನ್ನು ನನ್ನ ಮಡಿಲಲ್ಲಿಯೇ ಇಟ್ಟುಕೊಂಡೆ.