ಇಂಜನಿಯರಿಂಗ್ ವಿದ್ಯೆಯೂ ಕೈಯ ಅಭ್ಯಾಸವೂ

ಸೊರಬದ ಗುಡಿಗಾರರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅವರು ಕೆತ್ತಿದ ಶ್ರೀಗಂಧದ ಪೆಟ್ಟಿಗೆಯೋ ವಿಗ್ರಹವೋ ಅನೇಕರ ಮನೆಯ ಗಾಜಿನ ಬೀರುವಿನಲ್ಲಿ ಇದ್ದೀತು. ವಸ್ತುವನ್ನು ನೋಡಿ ಮೆಚ್ಚುತ್ತೇವೆ. ಅದನ್ನು ಮಾಡಿದ ಕೈ ಹೇಗೆ ಕಲಿತಿತೆಂದು ವಿಚಾರಿಸುವುದು ಮಾತ್ರ ಕಡಮೆ. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಮನೆಯ ಜಗಲಿಯಲ್ಲಿ ಅರ್ಧ ದಿನ ಕುಳಿತು ನೋಡುವ ಅವಕಾಶ ನಮಗೆ ದೊರೆಯಿತು. ಹನ್ನೆರಡು ವರ್ಷದ ಹುಡುಗನೊಬ್ಬನು ಬೆಂಡನ್ನು ಕೊರೆಯುತ್ತಿದ್ದನು. ಗುಡಿಗಾರರು ಮದುವೆಯ ಬಾಸಿಂಗಗಳನ್ನು ಮಾಡುವುದು ಈ ಬೆಂಡಿನಿಂದಲೇ. ಅದು ಮೃದು, ಹಗುರ, ಅಗ್ಗ. ಒಂದು ತುಂಡು ಕೆಟ್ಟರೆ ಇನ್ನೊಂದುಂಟು. ಪಕ್ಕದಲ್ಲಿ ಅವನ ಅಜ್ಜ, ಗಂಧದ ಹಲಗೆಯ ಮೇಲೆ ಬರೆದ ಬಳ್ಳಿಯ ಗೆರೆಯನ್ನು ಹಿಡಿದು ಸಣ್ಣ ಉಳಿಯನ್ನಾಡಿಸುತ್ತಲೇ, ಆಗಾಗ ಕಣ್ಣೆತ್ತಿ, “ಕತ್ತಿ ಸ್ವಲ್ಪ ಮಲಗಿಸೋ, ಮಗಾ” ಎನ್ನುವರು. ಉಪನ್ಯಾಸವೆಂಬುದು ಅಷ್ಟೇ. ಆದರೆ ಆ ಮಾತು ಬಂದುದು ತಪ್ಪು ನಡೆಯುತ್ತಿದ್ದ ಕ್ಷಣದಲ್ಲಿ. ಮುಂದಿನ ತಿಂಗಳ ಪರೀಕ್ಷೆಯಲ್ಲಲ್ಲ.

ಅಲ್ಲಿಂದ ಎದ್ದು ಬರುವಾಗ ನಮ್ಮ ಕಾಲೇಜಿನ ಪ್ರಯೋಗಶಾಲೆಯ ನೆನಪಾಗಿ ನಾಚಿಕೆಯಾಯಿತೆಂದರೆ ಸುಳ್ಳಲ್ಲ. ಅಲ್ಲಿ ಇಪ್ಪತ್ತು ಮಂದಿ ವಿದ್ಯಾರ್ಥಿಗಳಿಗೆ ಒಂದು ಯಂತ್ರ. ಅಟೆಂಡರು ಅದನ್ನು ನಡೆಸುತ್ತಾನೆ, ಮುಂದೆ ನಿಂತ ಇಬ್ಬರು ಅಂಕೆಗಳನ್ನು ಓದುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ಉತ್ತರ ಎಷ್ಟು ಬರಬೇಕೆಂಬುದು ಹಿಂದಿನ ವರ್ಷದ ರೆಕಾರ್ಡು ಪುಸ್ತಕದಿಂದ ಎಲ್ಲರಿಗೂ ಮೊದಲೇ ತಿಳಿದಿರುತ್ತದೆ. ಬಾರದಿದ್ದರೆ ಅಂಕೆಯನ್ನು ಸ್ವಲ್ಪ ತಿದ್ದಿದರಾಯಿತು. ವಿದ್ಯಾರ್ಥಿಗಳನ್ನು ದೂರುವ ಅಧಿಕಾರ ನಮಗಿಲ್ಲ. ನಾವೂ ಹೀಗೆಯೇ ಓದಿ ಮೊದಲನೆಯ ದರ್ಜೆಯಲ್ಲಿ ಉತ್ತೀರ್ಣರಾದವರು. ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ ಚಚ್ಚೌಕ ಮಾಡಲು ಹೇಳಿದ್ದಾಗ ನಾಲ್ಕು ಮೂಲೆಗಳೂ ನಾಲ್ಕು ದಿಕ್ಕಿಗೆ ಹೋದುದನ್ನು ನಾವಿನ್ನೂ ಮರೆತಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವೂ, ಮರುವರ್ಷ ಬೆಂಗಳೂರಿನ ಇಂಜನಿಯರಿಂಗ್ ಕಾಲೇಜೂ ಹುಟ್ಟಿದವು. ಪಂಡಿತರ ವಿದ್ಯೆಯನ್ನೂ ಕುಶಲಕರ್ಮಿಯ ವಿದ್ಯೆಯನ್ನೂ ಒಂದೇ ಸೂರಿನಡಿ ತರುವುದು ಸುಲಭವಲ್ಲ. ಈ ಕಷ್ಟ ನಮ್ಮ ನಾಡಿಗೆ ಮಾತ್ರ ಸೇರಿದುದೂ ಅಲ್ಲ. ಮಾಸ್ಕೋ ನಗರದ ತಾಂತ್ರಿಕ ಶಾಲೆಯ ಮುಖ್ಯಸ್ಥನಾಗಿದ್ದ ವಿಕ್ಟರ್ ಡೆಲ್ಲಾ-ವೋಸ್ ಎಂಬಾತನು ಕೈಕೆಲಸವನ್ನು ಸಣ್ಣ ಸಣ್ಣ ಪಾಠಗಳನ್ನಾಗಿ ಬಿಡಿಸಿ, ಸುಲಭವಾದುದರಿಂದ ಕಠಿಣವಾದುದಕ್ಕೆ ಕ್ರಮವಾಗಿ ಏರಿಸುವ ಪದ್ಧತಿಯನ್ನು ಏರ್ಪಡಿಸಿದನು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅದನ್ನು ಕಂಡ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಅಧ್ಯಕ್ಷ ಜಾನ್ ರಂಕಲ್ ತನ್ನಲ್ಲಿಯೂ ಅದನ್ನು ಆರಂಭಿಸಿದನು. ನಮ್ಮ ವರ್ಕ್‌ಷಾಪು ತರಗತಿಗಳೂ ಇಂತಹ ಪಾಠಕ್ರಮದ ಜಾಡಿನಲ್ಲಿಯೇ ನಡೆಯುತ್ತವೆ. ಕ್ರಮವೇನೋ ಉಳಿದಿದೆ, ಪಕ್ಕದಲ್ಲಿ ಕುಳಿತ ಅಜ್ಜ ಮಾತ್ರ ಇಲ್ಲ.

ಹಾಗೆಂದ ಮಾತ್ರಕ್ಕೆ ಕಾಲೇಜುಗಳನ್ನು ಮುಚ್ಚಿ ಹುಡುಗರನ್ನು ಜಗಲಿಗೆ ಕಳುಹಿಸಬೇಕೆಂದು ನಾವು ಹೇಳುವುದಿಲ್ಲ. ಬೆಂಡು ಕೆಟ್ಟರೆ ನಷ್ಟವಿಲ್ಲ. ಸೇತುವೆಯನ್ನು ಕೆಡಿಸಿ ಕೆಡಿಸಿ ಕಲಿಯಲಾದೀತೆ? ಕಟ್ಟುವುದಕ್ಕೆ ಮುಂಚೆಯೇ ಭಾರವನ್ನು ಲೆಕ್ಕಹಾಕಿ ಹೇಳಬಲ್ಲವನೇ ಇಂಜನಿಯರು. ಗಣಿತ ಬೇಕು, ಪುಸ್ತಕ ಬೇಕು. ಓದಿದವನ ಕೈ ಮೈಲಿಗೆಯಾಗಬಾರದೆಂಬ ಭಾವನೆ ಮಾತ್ರ ಬೇಡ. ಸೊರಬಕ್ಕೆ ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕದಂಬ ಶಾಸನವನ್ನು ರಚಿಸಿದ ಕವಿ ಕುಬ್ಜನು, ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. ಮಯೂರಶರ್ಮನು ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋದ ವೃತ್ತಾಂತವೂ, ಕಾಕುಸ್ಥವರ್ಮನು ಕೆರೆಯನ್ನು ಕಟ್ಟಿಸಿದ ಸಂಗತಿಯೂ ಅದೇ ಶಾಸನದಲ್ಲಿವೆ.

ಕೆರೆಯ ಮಾತು ಬಂದುದರಿಂದ ನಮ್ಮ ಅನುಭವವೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಸೊರಬದ ಸೀಮೆ ಕೆರೆಗಳ ಸೀಮೆ. ಒಂದು ಶ್ರಾವಣದಲ್ಲಿ ಆರು ಮಂದಿ ವಿದ್ಯಾರ್ಥಿಗಳನ್ನು ಅಲ್ಲಿಯ ಒಂದು ಊರಿನ ಕೆರೆಗೆ ಕರೆದುಕೊಂಡು ಹೋದೆವು. ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಸೆಕೆಂಡಿಗೆ ಎಷ್ಟು ನೀರು ಹೊರಗೆ ಹೋಗುತ್ತಿದೆ ಎಂಬುದು ಪ್ರಶ್ನೆ. ಇದಕ್ಕೆ ಸೂತ್ರವುಂಟು: ಕೋಡಿಯ ಉದ್ದವೂ, ಅದರ ಕಲ್ಲಿನ ಮಟ್ಟದಿಂದ ನೀರಿನ ಎತ್ತರವೂ ತಿಳಿದರೆ ಸಾಕು. ಆದರೆ ಎತ್ತರ ಎರಡರಷ್ಟಾದರೆ ನೀರು ಎರಡರಷ್ಟಾಗುವುದಿಲ್ಲ, ಸುಮಾರು 2.8ರಷ್ಟಾಗುತ್ತದೆ, ಆದುದರಿಂದ ಎತ್ತರದ ಅಳತೆಯಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಕೋಡಿಯ ಉದ್ದ 3 ಮೀಟರು. ಹುಡುಗರು ಕಲ್ಲಿನ ಮೇಲೆಯೇ ಅಳತೆಯ ಕೋಲನ್ನು ನಿಲ್ಲಿಸಿ ನೀರಿನ ಎತ್ತರ 13 ಸೆಂಟಿಮೀಟರೆಂದು ಓದಿದರು. ಲೆಕ್ಕಕ್ಕೆ ಸುಮಾರು 240 ಲೀಟರು ಬಂದಿತು.

ಬೇರೊಂದು ವಿಧದಿಂದಲೂ ಅಳೆಯಿರೆಂದೆವು. ಕೋಡಿಯ ಕೆಳಗಿನ ಕಾಲುವೆಯಲ್ಲಿ ಬೆಂಡಿನ ತುಂಡುಗಳನ್ನು ತೇಲಿಬಿಟ್ಟು, ಅವು ಹತ್ತು ಮೀಟರು ದೂರ ಹೋಗುವ ಹೊತ್ತನ್ನು ಗಡಿಯಾರದಿಂದ ನೋಡಿ, ಕಾಲುವೆಯ ಅಗಲ ಆಳಗಳಿಂದ ಗುಣಿಸುವುದು. ಮೇಲಿನ ನೀರು ಒಳಗಿನ ನೀರಿಗಿಂತ ವೇಗವಾಗಿ ಹರಿಯುವುದರಿಂದ ಬಂದುದರಲ್ಲಿ 0.85ರಷ್ಟನ್ನು ಮಾತ್ರ ಹಿಡಿಯಬೇಕು. ಹಾಗೆ ಹಿಡಿದರೂ 430 ಲೀಟರು! ಎರಡು ಉತ್ತರಗಳಿಗೂ ಅಜಗಜಾಂತರ. ಒಬ್ಬನು ಮೆಲ್ಲಗೆ, “ಸರ್, ಬೆಂಡಿನ ಹೊತ್ತನ್ನು ಸ್ವಲ್ಪ ಸರಿಮಾಡಿಕೊಳ್ಳೋಣವೆ?” ಎಂದನು. ಪ್ರಯೋಗಶಾಲೆಯಲ್ಲಿ ನಾವು ಕಲಿಸಿದ್ದ ಪಾಠ ಅದೇ ತಾನೆ!

ಏರಿಯ ಮೇಲೆ ಕಂಬಳಿ ಹೊದೆದು ನಿಂತಿದ್ದ ವೃದ್ಧ ರೈತರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. “ತಮ್ಮಾ, ನೀನು ಕೋಲು ಇಟ್ಟಲ್ಲಿ ನೀರು ಆಗಲೇ ಬಗ್ಗಿಬಿಟ್ಟಿದೆ. ಹಿಂದಕ್ಕೆ ಬಂದು ನೋಡು” ಎಂದರು. ಅದೇ ಸತ್ಯ. ಕೋಡಿಯನ್ನು ದಾಟುವ ನೀರು ಮೊದಲೇ ಇಳಿಮುಖವಾಗಿರುತ್ತದೆ. ಅಗಲವಾದ ಕಲ್ಲಿನ ಮೇಲೆ ಅದರ ಎತ್ತರ ಹಿಂದಿನ ನಿಂತ ನೀರಿನ ಎತ್ತರದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಗಾರೆಯವರು ಬಳಸುವ ನೀರಿನ ಕೊಳವೆಯಿಂದ ಮಟ್ಟ ಹಿಡಿದು ನಾಲ್ಕು ಮಾರು ಹಿಂದೆ ಅಳೆದಾಗ 20 ಸೆಂಟಿಮೀಟರು ಸಿಕ್ಕಿತು; ಲೆಕ್ಕಕ್ಕೆ ಸುಮಾರು 455 ಲೀಟರು. ಇದಕ್ಕೂ ಬೆಂಡು ಹೇಳಿದ್ದಕ್ಕೂ ಉಳಿದ ವ್ಯತ್ಯಾಸ ಅಂತಹ ಅಳತೆಯಲ್ಲಿ ಸಹಜ. ರೈತರು ಮತ್ತೂ ಒಂದು ಮಾತನ್ನಾಡಿದರು. ಕೆಳಗಿನ ಗಾಡಿದಾರಿಯ ಮೋರಿ ಒಂದು ಮಳೆಗಾಲದಲ್ಲಿ ಕೊಚ್ಚಿಹೋಗಿತ್ತಂತೆ. ಕಾರಣವನ್ನು ನಾವು ಬಲ್ಲವರಲ್ಲ. ಆದರೆ ನೀರನ್ನು ಅರ್ಧವೆಂದು ಎಣಿಸಿ ಕಟ್ಟಿದ ಮೋರಿಯ ಗತಿ ಏನಾದೀತೆಂದು ಹುಡುಗರಿಗೆ ಯಾರೂ ಹೇಳಬೇಕಾಗಲಿಲ್ಲ.

ಇಲ್ಲಿ ವಿಚಾರಿಸಬೇಕಾದ ಸೂಕ್ಷ್ಮವೊಂದುಂಟು. ಎತ್ತರವನ್ನು ಹಿಂದೆ ಸರಿದು ಅಳೆಯಬೇಕೆಂಬ ಮಾತು ಪುಸ್ತಕದಲ್ಲಿ ಇದ್ದೇ ಇದೆ. ಆ ಆರು ಮಂದಿಯಲ್ಲಿ ಮೂವರು ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದರು. ಇಂತಹ ಪ್ರಯೋಗವನ್ನು ಕಾಲೇಜಿನಲ್ಲಿಯೂ ಮಾಡಿದ್ದರು. ಆದರೆ ಅಲ್ಲಿ ಅಳತೆಯ ಕೊಕ್ಕೆಯನ್ನು ಯಂತ್ರ ಮಾರಿದವರೇ ಸರಿಯಾದ ಜಾಗದಲ್ಲಿ ತಿರುಪು ಹಾಕಿ ಕೂರಿಸಿದ್ದರು. ಎಲ್ಲಿ ಅಳೆಯಬೇಕೆಂಬ ನಿರ್ಧಾರವನ್ನು ವಿದ್ಯಾರ್ಥಿ ಒಮ್ಮೆಯೂ ಮಾಡಿರಲಿಲ್ಲ. ಸಿದ್ಧಪಡಿಸಿದ ಉಪಕರಣವು ಶ್ರಮವನ್ನು ಉಳಿಸುವುದರ ಜತೆಗೆ ಆಲೋಚನೆಯನ್ನೂ ಉಳಿಸಿಬಿಡುತ್ತದೆ. ಕೈಯಿಂದ ಮುಟ್ಟಿದ್ದಾನೆಂಬುದೊಂದರಿಂದಲೇ ಕಲಿತಿದ್ದಾನೆಂದು ನಂಬುವಂತಿಲ್ಲ.

ಪರಿಹಾರ ಬಹಳ ದುಡ್ಡಿನದೇನೂ ಅಲ್ಲ. ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಮೊದಲನೆಯ ವರ್ಷದವರೇ ಗುಂಪುಗೂಡಿ, ಒಂದು ಸಮಸ್ಯೆಯನ್ನು ಹಿಡಿದು, ತಾವೇ ಮಾದರಿಯನ್ನು ರಚಿಸುವ ಪಾಠವೊಂದನ್ನು ನಡೆಸುತ್ತ ಬಂದಿದ್ದಾರೆ. ಅಷ್ಟು ಏರ್ಪಾಡು ಆಗದ ಕಡೆ, ವರ್ಷದ ಹನ್ನೆರಡು ಪ್ರಯೋಗಗಳಲ್ಲಿ ನಾಲ್ಕನ್ನು ಬಿಟ್ಟು, ಆ ಹೊತ್ತಿನಲ್ಲಿ ಉತ್ತರ ತಿಳಿಯದ ಒಂದೇ ಒಂದು ಅಳತೆಯನ್ನು ಎರಡು ಬಗೆಯಿಂದ ಮಾಡಿಸಬಹುದು. ಅಡ್ಡಬರುವುದು ಅಂಕಗಳ ಪದ್ಧತಿ. ಚೊಕ್ಕಟವಾದ ರೆಕಾರ್ಡಿಗೆ ನಾವು ಕೊಡುವ ಮರ್ಯಾದೆ.

ಕೆರೆಗೆ ಬಂದಿದ್ದ ಹುಡುಗಿಯೊಬ್ಬಳು ತನ್ನ ಪುಸ್ತಕದಲ್ಲಿ 240ನ್ನು ಅಳಿಸಲಿಲ್ಲ. ಗೆರೆ ಎಳೆದು ಅದರ ಕೆಳಗೆ 455 ಎಂದು ಬರೆದಿದ್ದಳು. ವರ್ಷದ ಕೊನೆಗೆ ಬಂದ ಪರೀಕ್ಷಕರು ಅದನ್ನು ಕಂಡು, “ಇದೇನಮ್ಮ, ಇಲ್ಲಿ ಹೊಡೆದುಹಾಕಿದ್ದೀಯೆ?” ಎಂದು ಕೇಳಿದರು. ಅವಳು ಹೇಳತೊಡಗಿದಳು. ಪರೀಕ್ಷಕರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಸರದಿಯಲ್ಲಿ ನಿಂತಿದ್ದ ಉಳಿದ ಹುಡುಗರು ಆ ದಿನ ಬಹಳ ಹೊತ್ತು ಕಾಯಬೇಕಾಯಿತು.